ತಡಮೆಯ ಆಚೆ ನಿಂತ ಮಾವ

ಮೊನ್ನೆ ನಮ್ಮ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ತಂಗಿಯ ಮಗ ಒಂದು ಸಂದೇಶ ಹಾಕಿದ್ದ. ಪಾದ್ರಿಗಳು ಬಡವರಿಗೆ ಕಟ್ಟಿಸಿದ ಶಾಲೆ, ಆಸ್ಪತ್ರೆಗಳೆಲ್ಲ ಮತಾಂತರದ ಗಾಳಕ್ಕೆ ಸಿಕ್ಕಿಸಿದ ಎರೆಹುಳ ಎಂಬುದು ಅದರ ಸಾರ. ಕೆಳಗೆ ಹನ್ನೆರಡು ಮಂದಿ ಕೈಮುಗಿದಿದ್ದರು. ಅವರಲ್ಲಿ ನಾಲ್ವರಾದರೂ ಮಂಗಳೂರಿನ ಕಂಕನಾಡಿಯ ಫಾದರ್ ಮುಲ್ಲರ್ ಆಸ್ಪತ್ರೆಯಲ್ಲಿ ಹುಟ್ಟಿದವರು. ಜರ್ಮನಿಯ ಆಗಸ್ಟಸ್ ಮುಲ್ಲರ್ 1880ರಲ್ಲಿ ಇಲ್ಲಿ ಹೋಮಿಯೋಪತಿ ಗುಳಿಗೆ ಹಂಚತೊಡಗಿ, 1890ರಲ್ಲಿ ಕುಷ್ಠರೋಗಿಗಳಿಗೆ ತಲೆಯ ಮೇಲೊಂದು ಸೂರು ಮಾಡಿಕೊಟ್ಟವರು. ಮದುವೆಗಳ ಕಾಲದಲ್ಲಿ ಜಗಳ ಬೇಡವೆಂದು ಗುಂಪಿನಲ್ಲಿ ಸುಮ್ಮನಿದ್ದೆ. ಇಲ್ಲಿ ಬರೆಯುತ್ತೇನೆ.

ಆ ಗಾಳದ ಮಾತನ್ನೇ ಹಿಡಿದು ನೋಡೋಣ. ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟೆಂಟ್ ಸಂಸ್ಥೆಯಾದ ಬಾಸೆಲ್ ಮಿಷನ್ನಿನ ಮೂವರು ಪಾದ್ರಿಗಳು ಮಂಗಳೂರಿನಲ್ಲಿ ಬಂದಿಳಿದದ್ದು 1834ರಲ್ಲಿ. ಹಂಚಿನ ಕಾರ್ಖಾನೆ ಶುರುವಾದದ್ದು 1865ರಲ್ಲಿ. ಆ ಮೂವತ್ತೊಂದು ವರ್ಷಗಳಲ್ಲಿ ಏನಾಯಿತು? ಮತ ಬದಲಿಸಿದ ಬಿಲ್ಲವನಿಗೆ ಮೂರ್ತೆ ಕೆಲಸ ಹೋಯಿತು, ಶೇಂದಿ ಇಳಿಸಬಾರದೆಂದು ಮಿಷನ್ನೇ ತಡೆಯಿತು. ಒಕ್ಕಲಾಗಿದ್ದವನಿಗೆ ಧಣಿ ಗದ್ದೆ ಬಿಡಿಸಿದ. ಹೀಗೆ ಬೀದಿಗೆ ಬಿದ್ದವರಿಗೆ ಏನಾದರೂ ದಾರಿ ಮಾಡಲೇಬೇಕಾಗಿ ಮಗ್ಗ ಬಂತು, ಮುದ್ರಣಾಲಯದಲ್ಲಿ ಕೆಲಸ ಬಂತು, ನೇತ್ರಾವತಿಯ ಜೇಡಿಮಣ್ಣಿನ ಹಂಚು ಬಂತು. ಗಾಳ ಹಾಕುವವನು ಮೀನಿನ ಬಾಯಿಯಲ್ಲಿದ್ದ ತುತ್ತನ್ನು ಮೊದಲು ಕಸಿಯುವುದಿಲ್ಲ.

ಹಾಗೆಂದು ಮಿಷನ್ನನ್ನು ಹೊತ್ತು ಮೆರೆಸುವ ಆಸೆ ನನಗಿಲ್ಲ. ಸಂಬಳ ಕೊಡುವವನೂ ಉಪದೇಶ ಮಾಡುವವನೂ ಒಬ್ಬನೇ ಆದರೆ ಕೆಲಸಗಾರ ಎದುರು ಮಾತಾಡುವುದು ಹೇಗೆ? ನಮ್ಮ ದೈವಗಳನ್ನು ಅವರು ದೆವ್ವಗಳೆಂದು ಬರೆದಿಟ್ಟದ್ದನ್ನು ಓದಿದಾಗ, ವರ್ಷಕ್ಕೊಮ್ಮೆ ತಂಬಿಲ ಕೊಡುವ ಮನೆಯವನಾದ ನನಗೆ ಈಗಲೂ ಮೈ ಉರಿಯುತ್ತದೆ.

ಆದರೆ ನನ್ನ ತಕರಾರು ಬೇರೆ. ಊರಿಗೆ ಸಿಟ್ಟು ಬಂದದ್ದು ದೇವರನ್ನು ಬದಲಿಸಿದ್ದಕ್ಕೋ, ಪಂಕ್ತಿಯನ್ನು ಬದಲಿಸಿದ್ದಕ್ಕೋ?

ನಮ್ಮ ಕರಾವಳಿಯ ಸಾರಸ್ವತ ಸಮಾಜದಲ್ಲೇ ಹುಟ್ಟಿದ ಇಬ್ಬರನ್ನು ನೋಡಿ. ಆನಂದರಾವ್ ಕೌಂಡಿನ್ಯ 1844ರಲ್ಲಿ ಕ್ರೈಸ್ತರಾದರು, ಇನ್ನೂ ಇಪ್ಪತ್ತು ತುಂಬದ ಹುಡುಗ. ಬಾಸೆಲ್ ಮಿಷನ್ನಿನ ಪಾದ್ರಿ ಹರ್ಮನ್ ಮೋಗ್ಲಿಂಗರ ಹೆಸರನ್ನು ಕೌಂಡಿನ್ಯರು ತಮ್ಮ ಹೆಸರಿಗೆ ಸೇರಿಸಿಕೊಂಡರು, ಬಾಸೆಲ್‌ಗೆ ಹೋಗಿ ಓದಿ ಬಂದರು, ಮುಂದೆ ಕೊಡಗಿನ ಆನಂದಪುರದಲ್ಲಿ ಹೊಲೆಯ ಕೂಲಿಗಳಿಗೆ ನೆಲೆ ಕಟ್ಟುವುದಕ್ಕೆ ದುಡಿದರು. ಜಾತಿ ಅವರನ್ನು ಹೊರಗಿಟ್ಟಿತು. ಸರಿ, ಮತವನ್ನೇ ಬಿಟ್ಟರಲ್ಲ ಎಂದುಕೊಳ್ಳೋಣ.

ಕುದ್ಮುಲ್ ರಂಗರಾಯರು ಶಿಲುಬೆ ಹಿಡಿಯಲಿಲ್ಲ. ಬ್ರಾಹ್ಮ ಸಮಾಜಕ್ಕೆ ಸೇರಿದವರು, ಕೊನೆಗಾಲದಲ್ಲಿ ಕಾವಿ ತೊಟ್ಟು ಸಂನ್ಯಾಸಿಯಾದವರು. ದಲಿತ ಮಕ್ಕಳಿಗೆ ಶಾಲೆ ತೆರೆದರು, 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು, ಶೇಡಿಗುಡ್ಡೆಯಲ್ಲಿ ಕಸುಬು ಕಲಿಸಿದರು, ವಿಧವೆಯಾದ ಮಗಳು ರಾಧಾಬಾಯಿಗೆ ಜಾತಿಯ ಹೊರಗೆ ಮರುಮದುವೆ ಮಾಡಿಸಿದರು. ಇವರನ್ನೂ ಜಾತಿ ಹೊರಗಿಟ್ಟಿತು. ಕ್ಷೌರಿಕ ಬರಲಿಲ್ಲ, ನೆಂಟರು ಬಾಗಿಲು ಮುಚ್ಚಿದರು. ದಲಿತರ ಮಕ್ಕಳು ಓದಿ ದೊಡ್ಡ ಹುದ್ದೆಗೇರಿ ಈ ರಸ್ತೆಯಲ್ಲಿ ಕಾರು ಓಡಿಸಬೇಕು, ಅದರ ಧೂಳು ತಮ್ಮ ತಲೆಗೆ ತಾಗಬೇಕು ಎಂದು ಅವರು ಬಯಸಿದ್ದನ್ನು ಈಗ ಭಾಷಣಗಳಲ್ಲಿ ಎಲ್ಲರೂ ಹೇಳುತ್ತಾರೆ. ಪುರಭವನಕ್ಕೆ ಅವರ ಹೆಸರಿಟ್ಟಿದ್ದೇವೆ. ಬದುಕಿದ್ದಾಗ ಒಂದು ಲೋಟ ನೀರಿಗೂ ಯೋಚಿಸಿದ ಊರು ಇದು.

ಮತ ಬಿಟ್ಟವನಿಗೂ ಬಿಡದವನಿಗೂ ಒಂದೇ ಶಿಕ್ಷೆ.

ನಮ್ಮ ಮನೆಯ ಸಂಗತಿಯನ್ನೂ ಹೇಳಬೇಕು. ನನ್ನ ಅಜ್ಜಿಯ ಸೋದರಮಾವ ಮೊದಲ ಮಹಾಯುದ್ಧಕ್ಕೆ ಮುಂಚೆ ಕ್ರೈಸ್ತನಾಗಿ ಜೆಪ್ಪುವಿನ ಹಂಚಿನ ಕಾರ್ಖಾನೆಗೆ ಸೇರಿದ್ದನಂತೆ. ಅಳಿಯಸಂತಾನದ ಮನೆಯಲ್ಲಿ ಸೋದರಮಾವ ಎಂದರೆ ಯಜಮಾನ. ಅಂಥವನು ಹೋದದ್ದಕ್ಕೆ ಮನೆಯವರು ಸೂತಕ ಹಿಡಿದರಂತೆ, ಬದುಕಿದ್ದವನಿಗೆ. ಆದರೂ ಪ್ರತಿ ವರ್ಷ ದೈವದ ನೇಮದ ರಾತ್ರಿ ಅವನು ಬರುತ್ತಿದ್ದ. ಬೇಲಿಯ ತಡಮೆ ದಾಟುತ್ತಿರಲಿಲ್ಲ. ಆಚೆ ಗದ್ದೆಯ ಹುಣಿಯ ಮೇಲೆ ನಿಂತು ದೊಂದಿಯ ಬೆಳಕನ್ನು ನೋಡುತ್ತಿದ್ದ. ಆಗ ಏಳೆಂಟು ವರ್ಷದವಳಾಗಿದ್ದ ಅಜ್ಜಿಯ ಕೈಯಲ್ಲಿ ಅವಳ ತಾಯಿ ಬಾಳೆಲೆಯಲ್ಲಿ ಕಟ್ಟಿದ ಪ್ರಸಾದ ಕೊಟ್ಟು ಓಡಿಸುತ್ತಿದ್ದಳಂತೆ. ಅವನು ಯಾಕೆ ಮತ ಬದಲಿಸಿದ ಎಂದು ನಾನು ಕೇಳಿದ್ದೆ. “ಅಲ್ಲಿ ಅವನನ್ನು ಕುಳಿತುಕೊಳ್ಳಲು ಹೇಳಿದರಂತೆ ಮಗಾ, ಬೆಂಚಿನ ಮೇಲೆ” ಎಂದಿದ್ದಳು ಅಜ್ಜಿ. ಆ ಕಾಲದಲ್ಲಿ ನಾವು ದೇವಸ್ಥಾನದ ಹೊರಗಿನಿಂದಲೇ ಕೈಮುಗಿಯುವವರು ಎಂಬುದನ್ನು ಅವಳು ಬಿಡಿಸಿ ಹೇಳಲಿಲ್ಲ.

ಈಗ ಕಾನೂನಿನ ವಿಷಯ. 2022ರ ನಮ್ಮ ರಾಜ್ಯದ ಕಾಯ್ದೆಯಲ್ಲಿ ಮತ ಬದಲಿಸುವವನು ಮೂವತ್ತು ದಿನ ಮುಂಚೆ ಜಿಲ್ಲಾಧಿಕಾರಿಗೆ ತಿಳಿಸಬೇಕೆಂದಿದೆ. ಆಮಿಷದ ವ್ಯಾಖ್ಯೆಯಲ್ಲಿ ಉದ್ಯೋಗವಿದೆ, ಧಾರ್ಮಿಕ ಸಂಸ್ಥೆಯ ಶಾಲೆಯ ಉಚಿತ ಶಿಕ್ಷಣವಿದೆ, ಉತ್ತಮ ಜೀವನಶೈಲಿಯೂ ಇದೆ. ಬೆಂಚು ಯಾವುದರಲ್ಲಿ ಬರುತ್ತದೆ? ಬೆದರಿಸಿ, ಮೋಸ ಮಾಡಿ ಮತ ಬದಲಿಸುವವರನ್ನು ಹಿಡಿಯಲಿ, ಬೇಡವೆನ್ನುವುದಿಲ್ಲ. ಆದರೆ ಬಡವನೊಬ್ಬ ಉತ್ತಮ ಬದುಕನ್ನು ಬಯಸಿದರೆ ಅದು ಆಮಿಷ, ನಾವು ಅದನ್ನೇ ಬಯಸಿ ದುಬೈಗೆ ಹೋದರೆ ಸಾಧನೆ. ಈ ಲೆಕ್ಕ ನನಗೆ ಅರ್ಥವಾಗುವುದಿಲ್ಲ.

ತಂಗಿಯ ಮಗ ಕೆಟ್ಟವನಲ್ಲ. ಕಳೆದ ಮೇ ತಿಂಗಳಲ್ಲಿ ಮಳೆಗೆ ಮುಂಚೆ ದೈವದ ಚಾವಡಿಯ ಹಂಚು ಕೈಯಾಡಿಸಲು ಆಳು ಸಿಗದಿದ್ದಾಗ ಅವನೇ ಏಣಿ ಹತ್ತಿದ. ಅರ್ಧ ಕೆಲಸ ಆದಾಗ ಒಂದು ಹಂಚನ್ನು ಮಗುಚಿ ಹಿಡಿದು, “ಮಾವ, ಇದರ ಮೇಲೆ ಬಾಸೆಲ್ ಮಿಷನ್ ಅಂತ ಇದೆಯಲ್ಲ” ಎಂದ. ಎಲ್ಲದರ ಮೇಲೂ ಇರಬೇಕು ನೋಡು ಎಂದೆ. ಇನ್ನೂ ನಾಲ್ಕನ್ನು ಮಗುಚಿ ನೋಡಿದ. ಪಾಚಿ ಉಜ್ಜಿ, ಒಡೆದಿಲ್ಲವೆಂದು ಖಾತ್ರಿ ಮಾಡಿಕೊಂಡು, ಒಂದೊಂದನ್ನೇ ಮತ್ತೆ ಅದರದರ ಜಾಗದಲ್ಲಿ ಜೋಡಿಸಿದ.