ಖುಷಿಪಡುವುದು ಕಡ್ಡಾಯ

"ಬನ್ನಿ, ಬದಲಾವಣೆಯನ್ನು ಅಪ್ಪಿಕೊಳ್ಳೋಣ" ಅನ್ನುವ ಈಮೇಲ್ ಆಫೀಸಿನಿಂದ ನಿಮಗೂ ಬಂದಿರಬೇಕು. ಬಂದಿಲ್ಲ ಅಂದರೆ ಇನ್ನೂ ಭಯಪಡಿ. ಅಪ್ಪಿಕೊಳ್ಳಬೇಕಾದವರ ಪಟ್ಟಿಯಲ್ಲೇ ನಿಮ್ಮ ಹೆಸರಿಲ್ಲ.

ಬದಲಾವಣೆಗೆ ಹೊಂದಿಕೊಳ್ಳುವುದು ಹೇಗೆ ಅಂತ ಎರಡು ಗಂಟೆಯ ತರಬೇತಿ. ಹಾಜರಿ ಕಡ್ಡಾಯ. ಕೆಲಸ ಹಾಳಾಗಬಾರದು ಅಂತ ಊಟದ ಹೊತ್ತಿಗೇ ಇಟ್ಟಿರುತ್ತಾರೆ. ಎಷ್ಟು ಕಾಳಜಿ ನೋಡಿ! ಹೋದ ವಾರ ಎರಡು ವಿಭಾಗ ಸೇರಿಸಿ ಒಂದು ಮಾಡಿದರು, ಕುರ್ಚಿ ಕಿತ್ತುಕೊಂಡರು, ಮೇಲಧಿಕಾರಿಯನ್ನು ಬದಲಾಯಿಸಿದರು. ಈ ವಾರ ನಮ್ಮ ಮನಸ್ಸಿನ ಆರೋಗ್ಯ ವಿಚಾರಿಸುತ್ತಿದ್ದಾರೆ.

ಮೊದಲ ಸ್ಲೈಡಿನಲ್ಲಿ ಚಿಟ್ಟೆ ಇರುತ್ತದೆ. ಚಿಟ್ಟೆ ಇಲ್ಲದ ಬದಲಾವಣೆ ತರಬೇತಿ ಇನ್ನೂ ಹುಟ್ಟಿಲ್ಲ. ಕಂಬಳಿಹುಳು ಗೂಡು ಸೇರಿತು, ತಾಳ್ಮೆಯಿಂದ ಕಾಯಿತು, ರೆಕ್ಕೆ ಬಂತು, ಹಾರಿತು. ಗೂಡಿನೊಳಗೆ ಆ ಹುಳುವಿನ ಮೈ ಬಹುಪಾಲು ಕರಗಿ ರಸವಾಗುತ್ತದೆ ಅನ್ನುವುದನ್ನು ಮಾತ್ರ ಯಾರೂ ಸ್ಲೈಡಿಗೆ ಹಾಕುವುದಿಲ್ಲ. ನಮ್ಮ ಲೆಕ್ಕಪತ್ರ ವಿಭಾಗ ಸದ್ಯ ಆ ಹಂತದಲ್ಲಿದೆ. ಹುಳುವಿನ ಅದೃಷ್ಟ ಏನಪ್ಪಾ ಅಂದರೆ, ರಸವಾಗುತ್ತಿರುವಾಗ ಅದರ ಹತ್ತಿರ ಯಾರೂ "ಈಗ ಹೇಗನಿಸುತ್ತಿದೆ, ಒಂದರಿಂದ ಐದರೊಳಗೆ ಅಂಕ ಕೊಡಿ" ಅಂತ ಕೇಳುವುದಿಲ್ಲ.

ಚಿಟ್ಟೆ ಆದ ಮೇಲೆ ಒಂದು ಗೆರೆ ಬರುತ್ತದೆ. ಕೆಳಗಿಳಿದು ಮೇಲೇರುವ ಡೊಂಕು ಗೆರೆ. ಅದರ ಮೇಲೆ ನಿರಾಕರಣೆ, ಸಿಟ್ಟು, ಚೌಕಾಸಿ, ಖಿನ್ನತೆ, ಒಪ್ಪಿಗೆ. ಇದು ಎಲ್ಲಿಂದ ಬಂತು ಅಂತ ತರಬೇತಿಯಲ್ಲಿ ಹೇಳುವುದು ಕಡಿಮೆ. ಎಲಿಜಬೆತ್ ಕೂಬ್ಲರ್-ರಾಸ್ ಎಂಬ ಮನೋವೈದ್ಯೆ 1969ರಲ್ಲಿ ಈ ಐದು ಹಂತಗಳನ್ನು ಬರೆದರು. ಆಕೆ ಮಾತಾಡಿಸಿದ್ದು ಸಾಯುತ್ತಿದ್ದ ರೋಗಿಗಳನ್ನು. ಅವರ ಪಕ್ಕದಲ್ಲಿ ಕೂತು ಅವರ ಮಾತು ಕೇಳಿಸಿಕೊಂಡರು. ಆಫೀಸಿನವರು ಕೇಳಿಸಿಕೊಳ್ಳುವುದನ್ನು ಅಲ್ಲೇ ಬಿಟ್ಟು ಹಂತಗಳನ್ನಷ್ಟೇ ಎತ್ತಿಕೊಂಡು ಬಂದರು. ಸಾವಿಗೆ ಬರೆದದ್ದು ಈಗ ರಜೆ ಅರ್ಜಿಯ ಸಾಫ್ಟ್‌ವೇರ್ ಬದಲಾದಾಗ ಬಳಕೆಯಾಗುತ್ತಿದೆ.

ಆದರೆ ಈ ಗೆರೆಯ ಅನುಕೂಲ ಒಪ್ಪಿಕೊಳ್ಳಲೇಬೇಕು. ನೀವು ಏನೇ ಹೇಳಿ, ಅದಕ್ಕೊಂದು ಹಂತ ಸಿದ್ಧವಿರುತ್ತದೆ.

"ಸಾರ್, ಹೊಸದರಲ್ಲಿ ಅರ್ಧ ದಿನದ ರಜೆ ಹಾಕೋಕೆ ಬಟನ್ನೇ ಇಲ್ಲ."

"ನೋಡಿ, ಇದು ನಿರಾಕರಣೆ."

"ನಿರಾಕರಣೆ ಅಲ್ಲ ಸಾರ್, ನೀವೇ ನೋಡಿ, ಎಲ್ಲಿದೆ?"

"ಈಗ ಸಿಟ್ಟು. ತುಂಬಾ ಸಹಜ."

"ಹೋಗಲಿ, ಅದು ಸರಿಯಾಗೋವರೆಗೆ ಹಳೇದನ್ನೇ ಇಟ್ಕೊಳ್ಳೋಣ್ವಾ?" ಅಂದರೆ ಚೌಕಾಸಿ. ಸಾಕಪ್ಪ ಅಂತ ಸುಮ್ಮನೆ ಕೂತರೆ ಖಿನ್ನತೆ. ಅರ್ಧ ದಿನದ ಕೆಲಸಕ್ಕೆ ಇಡೀ ದಿನದ ರಜೆ ಬರೆದು ಮನೆಗೆ ಹೋದರೆ ಒಪ್ಪಿಗೆ. ಚಪ್ಪಾಳೆ. ಬಟನ್ ಇನ್ನೂ ಬಂದಿಲ್ಲ.

ಇನ್ನು ಮೇಲಿನವರ ತರಬೇತಿಯಲ್ಲಿ ಒಂದು ಅಂಕಿ ಓಡಾಡುತ್ತದೆ: ಬದಲಾವಣೆ ಯೋಜನೆಗಳಲ್ಲಿ ನೂರಕ್ಕೆ 70 ಸೋಲುತ್ತವಂತೆ. ಮೈಕಲ್ ಹ್ಯಾಮರ್ ಮತ್ತು ಜೇಮ್ಸ್ ಚಾಂಪಿ ಎಂಬ ಮ್ಯಾನೇಜ್‌ಮೆಂಟ್ ಲೇಖಕರು 1993ರಲ್ಲಿ, ಕೆಲಸದ ರೀತಿಯನ್ನೇ ಬುಡಸಮೇತ ಬದಲಿಸುವ ಯೋಜನೆಗಳ ಬಗ್ಗೆ 50ರಿಂದ 70 ಅಂತ ಬರೆದಿದ್ದರು, ಇದು ವೈಜ್ಞಾನಿಕ ಅಂದಾಜಲ್ಲ ಅಂತ ಅವರೇ ಹೇಳಿದ್ದರು. 2011ರಲ್ಲಿ ಮಾರ್ಕ್ ಹ್ಯೂಸ್ ಎಂಬ ಸಂಶೋಧಕ ಈ 70ರ ಬೇರು ಹುಡುಕಿ ಹೊರಟರೆ ನಂಬುವಂಥ ಪುರಾವೆಯೇ ಸಿಗಲಿಲ್ಲ. ಆದರೂ ಅಂಕಿ ಸ್ಲೈಡಿನಲ್ಲಿ ಗಟ್ಟಿಯಾಗಿ ಕೂತಿದೆ. ಎಲ್ಲರಿಗೂ ಬದಲಾವಣೆ ಬೋಧಿಸುವವರ ಸ್ಲೈಡುಗಳು ಮಾತ್ರ ಬದಲಾಗುವುದಿಲ್ಲ ಅಲ್ವಾ?

ಇಷ್ಟೆಲ್ಲ ನೋಡುವಾಗ ನನಗೆ ನೆನಪಾಗುವುದು ಪೈಜಾಮ. ನಗಬೇಡಿ. ಅಮೆರಿಕದ ವರ್ಜೀನಿಯಾದ ಮೇರಿಯನ್ ಎಂಬಲ್ಲಿ ಹಾರ್ವುಡ್ ಎಂಬ ಪೈಜಾಮ ಕಾರ್ಖಾನೆ ಇತ್ತು. ಅಲ್ಲಿ ನಡೆಸಿದ ಒಂದು ಪ್ರಯೋಗದ ಬಗ್ಗೆ ಅದನ್ನು ನಡೆಸಿದ ಲೆಸ್ಟರ್ ಕೋಚ್ ಮತ್ತು ಜಾನ್ ಫ್ರೆಂಚ್ 1948ರಲ್ಲಿ ಬರೆದಿದ್ದಾರೆ. ಇಸ್ತ್ರಿ ಹಾಕುವವರ ಒಂದು ಗುಂಪು ಪೈಜಾಮಗಳನ್ನು ಅರ್ಧ ಡಜನ್‌ನಂತೆ ಚಪ್ಪಟೆ ರಟ್ಟಿನ ಮೇಲೆ ಪೇರಿಸುತ್ತಿತ್ತು. ಇನ್ನು ಮುಂದೆ ಡಬ್ಬಿಯೊಳಗೆ ಪೇರಿಸಿ ಅಂದರು. ಬದಲಾವಣೆ ಅಂದರೆ ಅಷ್ಟೇ, ರಟ್ಟು ಹೋಗಿ ಡಬ್ಬಿ. ಡಬ್ಬಿ ಇಟ್ಟಿದ್ದೂ ರಟ್ಟಿದ್ದ ಜಾಗದಲ್ಲೇ. ಸಭೆ ಕರೆದರು, ಮಾರುಕಟ್ಟೆಯಲ್ಲಿ ಪೈಪೋಟಿ ಜಾಸ್ತಿ ಅಂದರು, ಹೊಸ ಕೂಲಿ ದರ ವಿವರಿಸಿದರು, ಪ್ರಶ್ನೆಗಳಿಗೆ ಉತ್ತರಿಸಿದರು, ಕಳಿಸಿದರು. ಇಂದಿನ ನಮ್ಮ ಸಭೆಗಳಿಗಿಂತ ಕೆಟ್ಟದ್ದೇನಲ್ಲ, ಚಿಟ್ಟೆಯೊಂದು ಇರಲಿಲ್ಲ ಅಷ್ಟೇ. ಮೊದಲ 40 ದಿನದಲ್ಲಿ ಆ ಗುಂಪಿನಲ್ಲಿ ನೂರಕ್ಕೆ 17 ಜನ ಕೆಲಸ ಬಿಟ್ಟರು. ಉಳಿದವರು ಮೇಲ್ವಿಚಾರಕರ ಮೇಲೆ ಹರಿಹಾಯ್ದರು, ಬೇಕೆಂದೇ ಕೆಲಸ ನಿಧಾನ ಮಾಡಿದರು.

ಬೇರೆ ಗುಂಪುಗಳಿಗೂ ಅಂಥದ್ದೇ ಬದಲಾವಣೆ ಬಂತು. ಅದರಲ್ಲಿ ಎರಡು ಗುಂಪುಗಳ ಪ್ರತಿಯೊಬ್ಬರನ್ನೂ ಕೂರಿಸಿಕೊಂಡು, ಹೇಗೆ ಮಾಡೋಣ ಅಂತ ಕೇಳಿ, ಹೊಸ ಪದ್ಧತಿಯನ್ನು ಅವರ ಜೊತೆಗೇ ರೂಪಿಸಿದರು. ಆ ಎರಡರಲ್ಲಿ ಆ 40 ದಿನ ಯಾರೂ ಕೆಲಸ ಬಿಡಲಿಲ್ಲ, ಉತ್ಪಾದನೆ ಹಳೆಯ ಮಟ್ಟ ದಾಟಿತು. ಇನ್ನೂ ಚೆಂದದ್ದು ಮುಂದಿದೆ. ಎರಡೂವರೆ ತಿಂಗಳಾದ ಮೇಲೆ ಆ ಜಗಳಗಂಟಿ ಗುಂಪಿನಲ್ಲಿ ಉಳಿದವರನ್ನೇ ಇನ್ನೊಂದು ಹೊಸ ಕೆಲಸಕ್ಕೆ ಹಾಕಿ, ಈ ಸಲ ಕೇಳಿ ಮಾಡಿದರು. ಅದೇ ಜನ, ತಕರಾರಿಲ್ಲ. ಬೇಗ ಚೇತರಿಸಿಕೊಂಡರು.

ಅಂದರೆ ಇದು 1948ರಿಂದ ಗೊತ್ತಿರುವ ವಿಷಯ. ಡಬ್ಬಿಗೆ ಯಾರೂ ಹೆದರಲಿಲ್ಲ. ತಮ್ಮ ಕೈಕೆಲಸದ ಬಗ್ಗೆ ತಮ್ಮನ್ನೇ ಕೇಳಲಿಲ್ಲ ಅಂತ ಉರಿದುಕೊಂಡರು. ಇದನ್ನು ತಿಳಿಯಲು ಸಲಹೆಗಾರರು ಬೇಡ, ಪರದೆ ಬೇಡ, ಬಣ್ಣದ ಚೀಟಿ ಅಂಟಿಸುವ ಆಟ ಬೇಡ. ಆದರೆ ಕೇಳುವುದರಲ್ಲಿ ಒಂದು ಅಪಾಯವಿದೆ. ಕೇಳಿದರೆ ಜನ ಉತ್ತರ ಕೊಡುತ್ತಾರೆ. "ಈ ಬದಲಾವಣೆಯೇ ಬೇಡ ಸಾರ್, ಹೋದ ವರ್ಷದ್ದೇ ಇನ್ನೂ ಮುಗಿದಿಲ್ಲ" ಅಂದುಬಿಟ್ಟರೆ? ಅದಕ್ಕಿಂತ ಧ್ಯಾನ ಹೇಳಿಕೊಡುವುದು ಸಲೀಸು.

ತಮಾಷೆ ಸಾಕು. ಈಗ ಮೇಲಿನವರಿಗೆ ಒಂದು ಮಾತು. ಹತ್ತಾರು ವರ್ಷ ಒಂದೇ ಕೆಲಸ ಮಾಡಿ ಅದರ ಒಳಹೊರಗು ಬಲ್ಲವರನ್ನು ಕೂರಿಸಿ, ಅವರ ಮಕ್ಕಳ ವಯಸ್ಸಿನ ತರಬೇತುದಾರರಿಂದ "ನಿಮ್ಮ ಮನೋಭಾವ ಬದಲಾಗಬೇಕು" ಅಂತ ಹೇಳಿಸುತ್ತೀರಿ. ಅವರು ತಲೆ ಆಡಿಸುತ್ತಾರೆ. ಯಾಕೆಂದರೆ ತಲೆ ಆಡಿಸದವರ ಹೆಸರನ್ನೂ ಯಾರೋ ಬರೆದುಕೊಳ್ಳುತ್ತಿದ್ದಾರೆ ಅಂತ ಅವರಿಗೆ ಗೊತ್ತು. ಅವರಲ್ಲಿ ಕೆಲವರ ಪಾಲಿಗೆ ಈ ಬದಲಾವಣೆ ಅಂದರೆ ಸಂಬಳ ನಿಲ್ಲುವುದು. ಸಾಲದ ಕಂತು ನಿಲ್ಲುವುದಿಲ್ಲ. ಅಂಥವರಿಗೆ ಕಣ್ಣು ಮುಚ್ಚಿ, ನಾಲ್ಕು ಎಣಿಸಿ ಉಸಿರು ಎಳೆದುಕೊಳ್ಳಿ ಅನ್ನುವುದಕ್ಕೆ ಸ್ವಲ್ಪವಾದರೂ ನಾಚಿಕೆ ಆಗಬೇಕು.

ಯಾರ ಕೆಲಸ ಉಳಿಯುತ್ತದೆ, ಯಾರದು ಹೋಗುತ್ತದೆ, ಯಾವ ತಾರೀಕಿಗೆ, ಕೈಗೆ ಎಷ್ಟು ಸಿಗುತ್ತದೆ. ಇಷ್ಟನ್ನು ಬರೆದು ಕೊಡಿ. ಉಸಿರಾಟ ನಾವು ನೋಡಿಕೊಳ್ಳುತ್ತೇವೆ.