ಹುಲಿಗೇ ಚಿರತೆ ವೇಷ

ಭಾನುವಾರ ಊಟ ಮುಗಿಸಿ ಯೂಟ್ಯೂಬ್ ತೆರೆದರೆ ಎದುರಿಗೆ ಏಳು ಹೆಡೆಯ ಸರ್ಪ, ಬೆಂಕಿ ಉಗುಳುವ ಡ್ರ್ಯಾಗನ್, ಹಿಂದೆ ಹೊತ್ತಿ ಉರಿಯುವ ಕೋಟೆ. ಮೇಲೆ ಹಳದಿ ಅಕ್ಷರದಲ್ಲಿ 'ಹಾಲಿವುಡ್ ಮೆಗಾ ಹಿಟ್'. ನಿಮಗೂ ಬಂದೇ ಬಂದಿರುತ್ತದೆ, ಅಲ್ವಾ? ಒತ್ತಿದೆ. ಪಕ್ಕದಲ್ಲಿ ಅತ್ತೆ ಬಂದು ಕೂತರು. ಒಂದೂವರೆ ಗಂಟೆ ಕಾದೆವು. ಏಳು ಹೆಡೆ ಹಾಳಾಗಲಿ, ಒಂದು ಕೇರೆ ಹಾವೂ ಬರಲಿಲ್ಲ. ಬಂದದ್ದು ಒಂದು ಜೇಡ. ದೊಡ್ಡ ಜೇಡವೇ, ಒಪ್ಪಿದೆ. ಆದರೆ ಅದರ ಕಾಲುಗಳನ್ನು ಎಳೆಯುತ್ತಿದ್ದ ತಂತಿ ಜೇಡಕ್ಕಿಂತ ಚೆನ್ನಾಗಿ ಕಾಣುತ್ತಿತ್ತು.

ಹಾಲಿವುಡ್ಡೂ ಅಲ್ಲ, ಹಿಟ್ಟೂ ಅಲ್ಲ. ಅದು 1982ರ ಇಟಲಿ ಸಿನಿಮಾ. ನಾಯಕನ ಹೆಸರು ಏಟರ್. ಏಟು ಹಾಕುವವನು ಅಂತ ನೀವೇ ಅರ್ಥ ಮಾಡಿಕೊಳ್ಳಿ. ನಿರ್ದೇಶಕರು ಅರಿಸ್ಟೈಡ್ ಮಸ್ಸಾಚೇಸಿ. ಜಗತ್ತಿಗೆ ಅವರು ಜೋ ಡಿ'ಅಮಾಟೊ. ಈ ಚಿತ್ರದಲ್ಲಿ ಡೇವಿಡ್ ಹಿಲ್ಸ್. ಬ್ಯಾಂಕಿನವರು ಹುಡುಕುತ್ತಿರುವ ಸಾಲಗಾರರೂ ಇಷ್ಟು ಹೆಸರು ಬದಲಿಸುವುದಿಲ್ಲ.

ಅದೇ ವರ್ಷ ಅಮೆರಿಕದವರು ಸುಮಾರು 2 ಕೋಟಿ ಡಾಲರ್ ಸುರಿದು 'ಕೋನನ್' ಅನ್ನುವ ಕತ್ತಿ-ಮಂತ್ರವಾದದ ಸಿನಿಮಾ ತೆಗೆದಿದ್ದರು. ಅದು ಓಡಿತು. ನಮ್ಮಲ್ಲಿ ಒಂದು ಬೆಣ್ಣೆ ದೋಸೆ ಹೋಟೆಲ್ ಓಡಿದರೆ ಮರುವಾರ ಅದೇ ಬೀದಿಯಲ್ಲಿ ನಾಲ್ಕು ಬೋರ್ಡ್ ಏಳುತ್ತವಲ್ಲ, ಹಾಗೇ ಆಯಿತು. ಬೋರ್ಡಿನಲ್ಲಿ ಬೆಣ್ಣೆ, ಕಾವಲಿ ಮೇಲೆ ಡಾಲ್ಡಾ.

ಕತೆ ಕೇಳಿ. ಏಟರ್‌ಗೆ ತನ್ನ ತಂಗಿಯ ಮೇಲೇ ಪ್ರೀತಿ. ಮದುವೆ ಆಗೋಣ ಅನ್ನುತ್ತಾನೆ. ಅಣ್ಣ-ತಂಗಿ ಅಲ್ವಾ ನಾವು ಅನ್ನುತ್ತಾಳೆ ಅವಳು. ಸರಿ, ಅಪ್ಪನ ಹತ್ತಿರ ಮಾತಾಡ್ತೀನಿ ಅಂತ ಹೋಗುತ್ತಾನೆ. ನೀನು ಸಾಕುಮಗ ಕಣಪ್ಪ ಅಂತ ಅಪ್ಪ ಗುಟ್ಟು ಬಿಚ್ಚುತ್ತಾನೆ. ಎಲ್ಲರಿಗೂ ಖುಷಿ. ನಾನು ಇಷ್ಟನ್ನೂ ಅತ್ತೆಗೆ ಕನ್ನಡದಲ್ಲಿ ಹೇಳಿದೆ. ಅವರು ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿ ಕೇಳಿದರು: "ಸಾಕುಮಗ ಅಂತ ಗೊತ್ತಾಗೋ ಮೊದಲೇ ಪ್ರೀತಿ ಮಾಡಿದ್ನಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಚಿತ್ರದಲ್ಲಿ ಒಂದು ಕರಡಿ ಮರಿಯೂ ಇದೆ. ನಟನೆ ಬರುತ್ತಿದ್ದುದು ಅದಕ್ಕೊಂದಕ್ಕೇ.

ಎರಡನೇ ಭಾಗದಲ್ಲಿ ಇದೇ ಏಟರ್ ಹ್ಯಾಂಗ್ ಗ್ಲೈಡರ್‌ನಲ್ಲಿ ಹಾರಿಕೊಂಡು ಬಂದು ಕೋಟೆಯ ಮೇಲೆ ಬಾಂಬು ಹಾಕುತ್ತಾನೆ. ಕತ್ತಿ-ಗುರಾಣಿ ಕಾಲದಲ್ಲಿ. ಕೊನೆಯಲ್ಲಿ ಯಾವುದೋ ಸುದ್ದಿಚಿತ್ರದಿಂದ ಎತ್ತಿದ ಅಣುಬಾಂಬಿನ ಹೊಗೆ ಏಳುತ್ತದೆ. ಶುಭಂ.

ಬ್ರಿಟನ್ನಿನವರು ಇನ್ನೂ ಮುಂಚೆಯೇ, 1980ರಲ್ಲೇ, ಇಂಥದ್ದೇ ಒಂದು 'ಹಾಕ್ ದಿ ಸ್ಲೇಯರ್' ತೆಗೆದು ಕೂತಿದ್ದರು. ಅದರಲ್ಲಿ ಖಳ ಜಾಕ್ ಪಾಲನ್ಸ್, ನಾಯಕ ಜಾನ್ ಟೆರ್ರಿ. ಇಬ್ಬರೂ ಅಣ್ಣತಮ್ಮಂದಿರು. ಅಣ್ಣನಿಗೆ ಅರವತ್ತು, ತಮ್ಮನಿಗೆ ಮೂವತ್ತು. ನಗಬೇಡಿ, ನಮ್ಮಜ್ಜಿ ಕಾಲದಲ್ಲಿ ಅದೂ ನಡೆಯುತ್ತಿತ್ತು. ಆಮೇಲೆ 'ಬೀಸ್ಟ್‌ಮಾಸ್ಟರ್'. ಅದಕ್ಕೆ ಕರಿಚಿರತೆ ಬೇಕಿತ್ತು. ಪಳಗಿದ ಹುಲಿಯನ್ನು ತಂದು ಕಪ್ಪು ಬಣ್ಣ ಬಳಿದರು. ಪಾಪ, ನೀರು ಕುಡಿದಾಗಲೆಲ್ಲ ಮೂತಿಯ ಬಣ್ಣ ತೊಳೆದುಹೋಗುತ್ತಿತ್ತಂತೆ. ಉಡುಪಿಯಲ್ಲಿ ಅಷ್ಟಮಿಗೆ ಮನುಷ್ಯರು ಹುಲಿವೇಷ ಹಾಕುತ್ತಾರೆ. ಅಲ್ಲಿ ಹುಲಿಯೇ ವೇಷ ಹಾಕಿ ಹೊಟ್ಟೆ ಹೊರೆದುಕೊಂಡಿತು.

ಉಡುಪಿ ಅಂದಕೂಡಲೇ ನೆನಪಾಯಿತು. ಮಾಯಾಮಂತ್ರದ ಸಿನಿಮಾ ತೆಗೆಯುವ ಈ ವಿದ್ಯೆಯಲ್ಲಿ ಇಟಲಿಯವರಿಗೆ ಪಾಠ ಹೇಳಬಲ್ಲವರು ನಮ್ಮ ಉಡುಪಿ ಕಡೆಯವರೇ ಒಬ್ಬರಿದ್ದರು, ನಿರ್ದೇಶಕ ಬಿ. ವಿಠಲಾಚಾರ್ಯ. ಕನ್ನಡದಲ್ಲಿ ಶುರುಮಾಡಿ, ತೆಲುಗಿಗೆ ಹೋಗಿ 'ಜಾನಪದ ಬ್ರಹ್ಮ' ಅನ್ನಿಸಿಕೊಂಡವರು. ಅವರ ಅಸ್ಥಿಪಂಜರಗಳು ಕುಣಿಯುತ್ತಿದ್ದವು, ಅವರ ದೆವ್ವಗಳು ಮೈಮುರಿದು ದುಡಿಯುತ್ತಿದ್ದವು. ಅವರ ಬಗ್ಗೆ ಸಿನಿಮಾದವರು ಇವತ್ತಿಗೂ ಹೇಳುವ ಒಂದು ಕತೆ ಇದೆ. ನಾಯಕನಟ ಕಾಲ್‌ಶೀಟ್ ವಿಷಯಕ್ಕೆ ತಕರಾರು ತೆಗೆದರೆ ಆಚಾರ್ಯರು ಜಗಳ ಮಾಡುತ್ತಿರಲಿಲ್ಲವಂತೆ. ಮಂತ್ರವಾದಿಯಿಂದ ಒಂದು ಶಾಪ ಕೊಡಿಸುತ್ತಿದ್ದರು. ನಾಯಕ ಆಡಾಗುತ್ತಿದ್ದ, ಇಲ್ಲವೇ ಗಿಳಿಯಾಗುತ್ತಿದ್ದ. ಉಳಿದ ಶೂಟಿಂಗ್ ಆಡಿನ ಜೊತೆ. ಆಡು ಹೊತ್ತಿಗೆ ಸರಿಯಾಗಿ ಬರುತ್ತದೆ, ಸೊಪ್ಪು ತಿನ್ನುತ್ತದೆ, ಕ್ಯಾರವಾನ್ ಕೇಳುವುದಿಲ್ಲ. ಎಷ್ಟು ನಿರ್ಮಾಪಕರು ಈಗಲೂ ಆ ಮಂತ್ರಕ್ಕಾಗಿ ಹುಡುಕುತ್ತಿದ್ದಾರೋ.

ಹೀಗೆ ನಗುತ್ತಾ ಕೂತಿದ್ದೆವು. ಅಷ್ಟರಲ್ಲಿ ಮುಂದಿನ ಚಿತ್ರ ತಾನಾಗಿಯೇ ಶುರುವಾಯಿತು. 1985ರ 'ಬಾರ್ಬೇರಿಯನ್ ಕ್ವೀನ್'. ಇದು ಅಮೆರಿಕದ ನಿರ್ಮಾಪಕ ರೋಜರ್ ಕಾರ್ಮನ್ ಅರ್ಜೆಂಟೀನಾದಲ್ಲಿ ಅಗ್ಗಕ್ಕೆ ತೆಗೆಸಿದ ಸರಕು. 1983ರ 'ಡೆತ್‌ಸ್ಟಾಕರ್' ಕೂಡ ಅದೇ ಗೋದಾಮಿನದು. ಅವುಗಳ ಪೋಸ್ಟರ್ ಬರೆದದ್ದು ಬೋರಿಸ್ ವಲೆಹೊ. ಎಂಥಾ ಕೈ ಅಂತೀರಿ! ಪೋಸ್ಟರಿನಲ್ಲಿರುವ ರಾಕ್ಷಸನನ್ನು ಸಿನಿಮಾದಲ್ಲಿ ಹುಡುಕಿದರೆ ರಬ್ಬರ್ ಮುಖವಾಡ ಸಿಗುತ್ತದೆ. ಯೂಟ್ಯೂಬಿನ ಏಳು ಹೆಡೆ ಹೊಸ ಮೋಸವೇನಲ್ಲ.

ಆದರೆ ಹತ್ತು ನಿಮಿಷ ಆಗಿರಲಿಲ್ಲ, ಹಳ್ಳಿಗೆ ಸೈನಿಕರು ನುಗ್ಗಿದರು. ಹೆಂಗಸರನ್ನು ಎಳೆದರು, ಬಟ್ಟೆ ಹರಿದರು. ಆಮೇಲೆ ನಾಯಕಿಯನ್ನೇ ಹಲಗೆಗೆ ಕಟ್ಟಿ ಹಿಂಸೆ. ಕ್ಯಾಮೆರಾ ಅಲ್ಲೇ, ಅಲ್ಲಾಡದೆ. ಜೇಡದ ಮೇಲೆ ಇಷ್ಟು ಹೊತ್ತು ನಿಂತಿರಲಿಲ್ಲ. ಇದರಲ್ಲಿ ನಗುವಂಥದ್ದು ಏನೂ ಇಲ್ಲ ರೀ. ಡ್ರ್ಯಾಗನ್ ಮಾಡಲು ದುಡ್ಡಿರಲಿಲ್ಲ, ಹೆಣ್ಣನ್ನು ಕಟ್ಟಿಹಾಕಲು ಹಗ್ಗ ಸಾಕಾಯಿತು. ಅಷ್ಟೇ ಲೆಕ್ಕ. ಇಂಥ ಒಂದಲ್ಲ, ಸಾಲುಸಾಲು ಚಿತ್ರ ತೆಗೆದರು. 'ಎಷ್ಟು ಕೆಟ್ಟದಾಗಿದೆ ಅಂದರೆ ಚೆನ್ನಾಗಿದೆ' ಅಂತ ನಲವತ್ತು ವರ್ಷದಿಂದ ಹೇಳಿಕೊಂಡು ಬಂದ ನಾವು ಗಂಡಸರು ಆ ದೃಶ್ಯಗಳನ್ನು ಮಾತ್ರ ಸುಮ್ನೆ ದಾಟಿಸಿಬಿಡುತ್ತೇವೆ. ನಾನೂ ಮೇಲೆ ಐದಾರು ಪ್ಯಾರಾ ದಾಟಿಸಿಕೊಂಡೇ ಬಂದೆನಲ್ಲ.

ಫೋನ್ ಮಗುಚಿಟ್ಟೆ. ಅತ್ತೆ ಏನೂ ಮಾತಾಡಲಿಲ್ಲ. ಅಡಿಕೆ ತಟ್ಟೆ ಎತ್ತಿಕೊಂಡು ಒಳಗೆ ಹೋದರು. ಒಳಗಿನಿಂದಲೇ ಕೇಳಿತು: "ಆ ಕರಡಿ ಮರಿದು ಇನ್ನೊಂದು ಇದ್ರೆ ಹಾಕು."