ಹಳೇ ರಸ್ತೆಯನ್ನು ಅದರ ಪಾಡಿಗೆ ಬಿಟ್ಟ ಊರುಗಳು

ಇಟಲಿಯ ಪೀಸಾಕ್ಕೆ ಬಂದು ಒಂಬತ್ತು ವರ್ಷ ಆಯಿತು. ಇಲ್ಲಿ ನಾನು ಕೊಂಡ ಮೊದಲ ದೊಡ್ಡ ಸಾಮಾನು ಒಂದು ಸೆಕೆಂಡ್ ಹ್ಯಾಂಡ್ ಸೈಕಲ್ಲು. ಫೋನಿನಲ್ಲಿ ಹೇಳಿದಾಗ ಊರಲ್ಲಿರುವ ಅಣ್ಣ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಎಂತ ಮಾರಾಯ, ಅಷ್ಟು ದೂರ ಹೋಗಿ ಸೈಕಲ್ ತಗೊಂಡ್ಯಾ?" ಅಂದ. ಅವನದೂ ತಪ್ಪಲ್ಲ. ಬೈಂದೂರಿನ ಆಚೆ ಈಚೆ ಬೆಳೆದ ನಮಗೆ ಸೈಕಲ್ ಅಂದರೆ ಬೈಕ್ ಬರುವ ತನಕ ಅನುಭವಿಸುವ ಕಷ್ಟ. ಬಾಡಿಗೆ ಸೈಕಲ್ಲಿನಲ್ಲಿ ಒಳಪೆಡಲ್ ಹೊಡೆದು ಕಲಿತವರು ನಾವು. ಕೈಯಲ್ಲಿ ಕಾಸು ಬಂದ ಮೇಲೂ ಅದನ್ನೇ ತುಳಿಯುವುದು ಅವನಿಗೆ ಅರ್ಥವಾಗದ ವಿಷಯ.

ಈಗ ವರ್ಷಕ್ಕೆ ಮೂರು ನಾಲ್ಕು ಸಲ ಎತ್ರುಸ್ಕರ ಕರಾವಳಿ ಅಂತ ಕರೆಯುವ ಸೀಮೆಗೆ ಹೋಗುತ್ತೇನೆ. ಲಿವೋರ್ನೊದಿಂದ ತೆಂಕಣಕ್ಕೆ, ಪಿಯೊಂಬಿನೊ ತನಕ ಇರುವ ಕಡಲ ಅಂಚು ಅದು. ರೋಮನ್ನರು ದೊಡ್ಡವರಾಗುವ ಮೊದಲು ಇಲ್ಲಿ ಬಾಳಿದ ಜನ ಎತ್ರುಸ್ಕರು. ಗ್ರೀಕರಿಂದ ಲಿಪಿ ತಂದು ಬಲದಿಂದ ಎಡಕ್ಕೆ ಬರೆಯುತ್ತಿದ್ದರು. ಅವರ ಭಾಷೆಗೆ ಪಕ್ಕದ ಲ್ಯಾಟಿನ್ ನೆಂಟನಲ್ಲ.

ಪೀಸಾದಲ್ಲಿ ಬೆಳಗ್ಗೆ ರೈಲು ಹತ್ತಿ ಚೆಚಿನಾದಲ್ಲಿ ಇಳಿಯುತ್ತೇನೆ. ಲೋಕಲ್ ರೈಲಿನಲ್ಲಿ ಸೈಕಲ್ಲಿಗೂ ಒಂದು ಟಿಕೆಟ್ ತೆಗೆದರೆ ಆಯಿತು, ನಾವೇ ತಳ್ಳಿಕೊಂಡು ಬೋಗಿಗೆ ಹತ್ತಿಸಬಹುದು. ಊರಲ್ಲಿ ಒಮ್ಮೆ ಇದೇ ಕೆಲಸಕ್ಕೆ ಹೋಗಿದ್ದೆ. ಪಾರ್ಸೆಲ್ ಕೌಂಟರಿನಲ್ಲಿ ಫಾರಂ ತುಂಬಿ, ಹ್ಯಾಂಡಲಿಗೆ ಚೀಟಿ ಕಟ್ಟಿಸಿ, ಎರಡು ಗಂಟೆ ಕಾದೆ. ನಾನು ಹೋದ ರೈಲಿನಲ್ಲಿ ಸೈಕಲ್ ಬರಲಿಲ್ಲ. ಮರುದಿನ ಬಂತು, ಮಡ್‌ಗಾರ್ಡ್ ಇಲ್ಲದೆ.

ಚೆಚಿನಾದಿಂದ ಕಡಲ ಪಕ್ಕದಲ್ಲೇ ಪೈನ್ ಮರದ ತೋಪು. ನಮ್ಮ ಗಾಳಿಮರದ ತೋಪಿನ ಹಾಗೇ, ಉಪ್ಪುಗಾಳಿ ಹೊಲಕ್ಕೆ ಹೊಡೆಯದಿರಲಿ ಅಂತ ಹತ್ತೊಂಬತ್ತನೇ ಶತಮಾನದಲ್ಲಿ ನೆಟ್ಟದ್ದು. ಆಗ ಇದು ಮಲೇರಿಯಾದ ಜೌಗು ನೆಲ. ಟಸ್ಕನಿಯ ದೊರೆ ಎರಡನೇ ಲಿಯೋಪೋಲ್ಡ್ ನೀರು ಬಸಿದು ಹೊಲ ಮಾಡಿಸಿದ. ಇವತ್ತು ಸೈಕಲ್ಲಿಗೆ ಇಷ್ಟು ಸಪಾಟು ದಾರಿ ಸಿಗುವುದು ಅದರಿಂದಲೇ.

ಅಲ್ಲಿಂದ ಒಳಗೆ ತಿರುಗಿದರೆ ಹಳೇ ಔರೇಲಿಯಾ ರಸ್ತೆ. ನಾನು ಹೇಳಬೇಕೆಂದಿರುವ ವಿಷಯ ಇರುವುದು ಇಲ್ಲೇ.

ಔರೇಲಿಯಾ ಅಂದರೆ ರೋಮಿನಿಂದ ಕಡಲ ಗುಂಟ ಬಡಗಣಕ್ಕೆ ಬರುವ ರಸ್ತೆ. ಕ್ರಿ.ಪೂ. 241ರ ಹೊತ್ತಿಗೆ ರೋಮನ್ನರು ಶುರು ಮಾಡಿದ್ದು. ಕಾರು ಲಾರಿ ಜಾಸ್ತಿ ಆದಾಗ ಇಲ್ಲಿಯವರು ಇದನ್ನು ಅಗಲ ಮಾಡುತ್ತಾ ಕೂರಲಿಲ್ಲ. ಪಕ್ಕದಲ್ಲಿ ಹೊಸದಾಗಿ ಒಂದು ನಾಲ್ಕು ಪಥದ ರಸ್ತೆ ಹಾಕಿದರು. ಸೈಕಲ್ಲಿಗೆ ಅಲ್ಲಿ ಪ್ರವೇಶವೇ ಇಲ್ಲ. ಓಡುವ ಗಾಡಿಗಳೆಲ್ಲ ಅತ್ತ ಹೋದವು. ಹಳೇ ರಸ್ತೆ ಮಾತ್ರ ತನ್ನ ಮರ, ತಿರುವು, ಊರಿನ ಕಾಫಿ ಅಂಗಡಿ ಸಮೇತ ಇದ್ದಲ್ಲೇ ಉಳಿಯಿತು. ಈಗ ಅಲ್ಲಿ ಟ್ರ್ಯಾಕ್ಟರು, ಪಕ್ಕದ ಊರಿಗೆ ಹೋಗುವ ಮುದುಕರ ಕಾರು, ನನ್ನಂಥವರ ಸೈಕಲ್ಲು.

ಯೂರೋಪಿನವರು ಸೈಕಲ್ಲಿಗೆ ಎಷ್ಟು ಚೆನ್ನಾಗಿ ದಾರಿ ಮಾಡಿದ್ದಾರೆ ಅಂತ ನಮ್ಮವರು ಹೊಗಳುವುದು ಕೇಳಿದ್ದೇನೆ. ಈ ಸೀಮೆಯ ಮಟ್ಟಿಗೆ ಅದು ಅರ್ಧ ನಿಜ. ಅವರು ಮಾಡಿದ್ದಕ್ಕಿಂತ ಮುಟ್ಟದೆ ಬಿಟ್ಟದ್ದೇ ಜಾಸ್ತಿ. ಸೈಕಲ್ಲಿಗೆ ಅಂತಲೇ ಬಣ್ಣ ಹಚ್ಚಿದ ಪಟ್ಟಿ ಹುಡುಕಿಕೊಂಡು ಬಂದವರಿಗೆ ಇಲ್ಲಿ ನಿರಾಸೆಯೇ.

ಹಳೇ ಔರೇಲಿಯಾದ ಪಕ್ಕ ಸಾನ್ ಗ್ವಿದೊ ಅನ್ನುವ ಪುಟ್ಟ ಪ್ರಾರ್ಥನಾ ಮಂದಿರ. ಅಲ್ಲಿಂದ ಬೋಲ್ಗೆರಿ ಊರಿಗೆ ಸುಮಾರು 5 ಕಿ.ಮೀ. ನೇರ ದಾರಿ, ಎರಡೂ ಕಡೆ ಸೈಪ್ರೆಸ್ ಮರಗಳು, ಒಟ್ಟು 2,000ಕ್ಕೂ ಹೆಚ್ಚು. 1906ರಲ್ಲಿ ನೊಬೆಲ್ ಪಡೆದ ಕವಿ ಕಾರ್ದುಚ್ಚಿ ಹುಡುಗನಾಗಿದ್ದಾಗ ಇಲ್ಲೇ ಇದ್ದ. ಈ ಮರಗಳ ಮೇಲೆ ಅವನು ಬರೆದ ಕವಿತೆ ಇಲ್ಲಿ ಎಷ್ಟೋ ಜನರಿಗೆ ಬಾಯಿಪಾಠ. ಪಕ್ಕದ ಊರು ಕಸ್ತಾನ್ಯೆತೊ ತನ್ನ ಹೆಸರಿಗೇ ಅವನ ಹೆಸರು ಸೇರಿಸಿಕೊಂಡಿದೆ. ಮೊದಲು ಬೇರೆ ಮರ ನೆಟ್ಟಿದ್ದರಂತೆ, ಎಮ್ಮೆಗಳು ತಿಂದು ಮುಗಿಸಿದವಂತೆ. ಸೈಪ್ರೆಸ್ಸು ಎಮ್ಮೆಗೆ ರುಚಿಸಲಿಲ್ಲ, ಹಾಗಾಗಿ ಉಳಿಯಿತು ಅಂತಾರೆ. ಕೇಳಿ ನಕ್ಕಿದ್ದೆ, ಎಮ್ಮೆ ಎಲ್ಲಿದ್ದರೂ ಎಮ್ಮೆಯೇ ಅಲ್ವಾ. ಈಗ ಒಂದು ಮರ ರೋಗ ಬಂದು ಸತ್ತರೆ ಅದೇ ಜಾಗದಲ್ಲಿ ಇನ್ನೊಂದು ನೆಡುತ್ತಾರೆ.

ಆ ದಾರಿಯಲ್ಲಿ ಹೋಗುವಾಗಲೆಲ್ಲ ಹುಲಿಕಲ್–ಕುದೂರು ರಸ್ತೆ ನೆನಪಾಗುತ್ತದೆ. ಅದೂ ಹೆಚ್ಚು ಕಡಿಮೆ ಇಷ್ಟೇ ಉದ್ದ. 385 ಆಲದ ಮರ, ಗಂಡ ಹೆಂಡತಿ ಸೇರಿ ಕೊಡದಲ್ಲಿ ನೀರು ಹೊತ್ತು ಬೆಳೆಸಿದ್ದು. ಆ ರಸ್ತೆ ಅಗಲ ಮಾಡುವ ಮಾತು ಬಂದಾಗ, 2019ರಲ್ಲಿ, ಮರ ಕಡಿಯಬೇಡಿ ಅಂತ ಸಾಲುಮರದ ತಿಮ್ಮಕ್ಕನೇ ಮುಖ್ಯಮಂತ್ರಿಯನ್ನು ಕೇಳಿಕೊಳ್ಳಬೇಕಾಯಿತು. ಪದ್ಮಶ್ರೀ ಕೊಟ್ಟ ವರ್ಷವೂ ಅದೇ.

ಬೋಲ್ಗೆರಿಯಿಂದ ಕಸ್ತಾನ್ಯೆತೊಗೆ ಗುಡ್ಡದ ಬುಡದಲ್ಲೇ ದ್ರಾಕ್ಷಿ ತೋಟಗಳ ನಡುವೆ ಹೋಗುವ ದಾರಿ ನನಗೆ ಎಲ್ಲಕ್ಕಿಂತ ಇಷ್ಟ. ಲೋಕಕ್ಕೆಲ್ಲ ಹೆಸರಾದ ಸಸ್ಸಿಕಾಯ ವೈನು ಇಲ್ಲಿನದು. ಬಾಟಲಿ ಬೆಲೆ ಕೇಳಿ ನಾನು ನೀರು ಕುಡಿದು ಮುಂದೆ ಹೋದೆ. ಕಾಲಲ್ಲಿ ಬಲ ಇದ್ದರೆ ಮೇಲಕ್ಕೆ ಸಸ್ಸೆತ್ತಾ, ಸುವೆರೆತೊ ಕಡೆ ಕಾಡಿನ ತಿರುವುಗಳಿವೆ. ಇಲ್ಲದಿದ್ದರೆ ಕೆಳಗೆ ಸಾನ್ ವಿಂಚೆನ್ಸೊಗೆ ಇಳಿದು ಕಡಲ ಪಕ್ಕ ಬರಾತ್ತಿ ಕೊಲ್ಲಿ. ನಾನು ಸಾಮಾನ್ಯವಾಗಿ ಇಳಿಯುವವನು.

ಬರಾತ್ತಿಯ ದಂಡೆಯ ಮರಳು ಕಪ್ಪು, ಬಿಸಿಲಿಗೆ ಮಿನುಗುತ್ತದೆ. ಮೇಲೆ ಗುಡ್ಡದಲ್ಲಿ ಪೊಪುಲೋನಿಯ. ಎತ್ರುಸ್ಕರ ದೊಡ್ಡ ಊರುಗಳಲ್ಲಿ ಕಡಲಿಗೇ ತಾಗಿ ಇದ್ದದ್ದು ಇದೊಂದೇ. ಎದುರಿನ ಎಲ್ಬಾ ದ್ವೀಪದಿಂದ ಅದಿರು ತಂದು ಇಲ್ಲಿ ಕಬ್ಬಿಣ ಕರಗಿಸುತ್ತಿದ್ದರು. ನೂರಾರು ವರ್ಷ ಕರಗಿಸಿದ ಕಿಟ್ಟ ರಾಶಿ ಬಿದ್ದು ಬಿದ್ದು ಅವರ ಹಳೇ ಗೋರಿಗಳೇ ಅಡಿಯಲ್ಲಿ ಮುಚ್ಚಿಹೋದವು. ಇಪ್ಪತ್ತನೇ ಶತಮಾನದಲ್ಲಿ, ಆ ಕಿಟ್ಟದಲ್ಲಿ ಇನ್ನೂ ಕಬ್ಬಿಣ ಇದೆ ಅಂತ ಗೊತ್ತಾಗಿ ಅದನ್ನೆಲ್ಲ ಅಗೆದು ಸಾಗಿಸಿದರು. ಆಗ ಗೋರಿಗಳು ಹೊರಗೆ ಬಂದವು. ಯಂತ್ರದ ಬಾಯಿಗೆ ಎಷ್ಟೋ ಹಾಳೂ ಆದವು. ಅಂದರೆ ಇವರು ಹುಟ್ಟಿನಿಂದಲೇ ಹಳತನ್ನು ಕಾಪಾಡುವವರು ಅಂತೇನೂ ಅಲ್ಲ. ಅಲ್ಲಿನ ಒಂದು ಗೋರಿ 28 ಮೀಟರ್ ಅಗಲದ ಕಲ್ಲಿನ ದಿಬ್ಬ, ಒಳಗೆ ರಥಗಳು ಸಿಕ್ಕಿವೆ. ನಮ್ಮ ಗಂಗಾವತಿ ಹತ್ತಿರದ ಹಿರೇಬೆಣಕಲ್ ಗುಡ್ಡದಲ್ಲೂ ಕಬ್ಬಿಣ ಯುಗದ ಕಲ್ಲಿನ ಗೋರಿಗಳು ನೂರಾರು ಇವೆ, ಜನ ಮೋರ್ಯರ ಮನೆ ಅಂತ ಕರೆಯುವಂಥವು. ಅಲ್ಲಿಗೆ ಬಂಡೆ ಹತ್ತಿ ನಡೆದೇ ಹೋಗಬೇಕು, ಸೈಕಲ್ ಮಾತು ಬೇಡ.

ಎಲ್ಲ ಚೆನ್ನ ಅಂತ ತಿಳಿಯಬೇಡಿ. ಆಗಸ್ಟಿನಲ್ಲಿ ಇಡೀ ಇಟಲಿ ಈ ಕಡಲಿಗೆ ಬಂದು ಬೀಳುತ್ತದೆ, ಆಗ ಹಳೇ ರಸ್ತೆಯಲ್ಲೂ ನೆಮ್ಮದಿ ಇಲ್ಲ. ಮಧ್ಯಾಹ್ನ ಅಂಗಡಿ ಮುಚ್ಚಿದರೆ ಸಂಜೆ ತನಕ ತೆರೆಯುವುದಿಲ್ಲ. ಒಮ್ಮೆ ಜುಲೈ ಬಿಸಿಲಲ್ಲಿ ಪಂಕ್ಚರ್ ಆಗಿ, ಬದಲಿ ಟ್ಯೂಬ್ ಇಲ್ಲದೆ, 7 ಕಿ.ಮೀ. ತಳ್ಳಿದ್ದೇನೆ. ಒಬ್ಬ ನರಪಿಳ್ಳೆಯೂ ಕಾಣಲಿಲ್ಲ. ನಮ್ಮೂರಲ್ಲಾದರೆ ಅಷ್ಟರಲ್ಲಿ ಎರಡು ಪಂಕ್ಚರ್ ಅಂಗಡಿ, ನಾಲ್ಕು ಎಳನೀರು, "ಎಲ್ಲಿಗೆ ಹೊರಟದ್ದು?" ಅಂತ ಕೇಳುವ ಹತ್ತು ಜನ ಸಿಗುತ್ತಿದ್ದರು.

ಹಾಗಾದರೆ ಇಂಥ ಹಳೇ ರಸ್ತೆ ನಮ್ಮ ಕರಾವಳಿಯಲ್ಲಿ ಯಾಕಿಲ್ಲ? ಹೆದ್ದಾರಿ 66 ನಾಲ್ಕು ಪಥ ಆದದ್ದು ಹೆಚ್ಚಿನ ಕಡೆ ಹಳೇ ರಸ್ತೆಯ ಮೇಲೆಯೇ. ಕಾರಣವೂ ಇದೆ. ಘಟ್ಟಕ್ಕೂ ಕಡಲಿಗೂ ನಡುವೆ ಇರುವ ನೆಲವೇ ಸ್ವಲ್ಪ, ಅದರ ತುಂಬ ಮನೆ, ತೋಟ. ಮರವಂತೆಯಲ್ಲಿ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ. ಎರಡನೇ ರಸ್ತೆಯನ್ನು ಎಲ್ಲಿ ಹಾಕುತ್ತೀರಿ? ನಾನು ಒಪ್ಪುತ್ತೇನೆ. ಆದರೆ ಒಳದಾರಿಗಳು ನಮ್ಮಲ್ಲೂ ಇವೆ. ಪಡುಕೆರೆಯಿಂದ ಮಟ್ಟು ಕಡೆಗೆ, ಕೋಡಿ ಬೆಂಗ್ರೆ ತುದಿಗೆ, ಹೊಳೆಗೂ ಕಡಲಿಗೂ ನಡುವೆ ಓಡುವ ಸಣ್ಣ ರಸ್ತೆಗಳು ಬೋಲ್ಗೆರಿಗೆ ಏನೂ ಕಮ್ಮಿಯಲ್ಲ. ತೊಂದರೆ ಬರುವುದು ಅಳಿವೆಯಲ್ಲಿ. ಎತ್ರುಸ್ಕರ ಸೀಮೆಯ ಹೊಳೆಗಳು ಸಣ್ಣವು, ಹಳೇ ರಸ್ತೆಗೂ ಸೇತುವೆ ಇದೆ. ನಮ್ಮ ಹೊಳೆಗಳು ದೊಡ್ಡವು. ಒಳದಾರಿ ನೀರಿನ ಹತ್ತಿರ ಬಂದು ನಿಲ್ಲುತ್ತದೆ, ದಾಟಲು ಮತ್ತೆ ಹೆದ್ದಾರಿಗೇ ಹೋಗಬೇಕು. ಹಿಂದೆ ಕಡವುಗಳಿದ್ದವು. ಅಪ್ಪ ಸೈಕಲ್ಲನ್ನು ದೋಣಿಗೆ ಹತ್ತಿಸಿ ಆಚೆ ದಡದ ಶಾಲೆಗೆ ಪಾಠ ಹೇಳಲು ಹೋಗುತ್ತಿದ್ದರು. ಒಂದೊಂದೇ ಸೇತುವೆ ಬಂದ ಹಾಗೆ ದೋಣಿ ನಿಂತವು. ನನ್ನನ್ನು ಕೇಳಿದರೆ ಸೈಕಲ್ ಪಟ್ಟಿಗೆ ಹಾಕುವ ಹಣದಲ್ಲಿ ಹತ್ತು ಕಡವು ಮತ್ತೆ ಶುರು ಮಾಡಬಹುದು.

ಕಳೆದ ರಜೆಯಲ್ಲಿ ಊರಿಗೆ ಹೋದಾಗ ಇನ್ನೊಂದು ಕಂಡೆ. ಹೆದ್ದಾರಿಯನ್ನು ನೇರ ಮಾಡಿದ ಕಡೆ ಹಳೇ ತಿರುವುಗಳು ತುಂಡು ತುಂಡಾಗಿ ಉಳಿದಿವೆ. ನಮ್ಮ ಮನೆ ಹತ್ತಿರವೂ ಒಂದಿದೆ. ಇನ್ನೂರು ಮೀಟರ್ ಡಾಂಬರು, ಬದಿಯಲ್ಲಿ ಒಂದು ಮರ, ಹಳೇ ಮೈಲುಗಲ್ಲು. ಒಂದು ತುದಿಯಲ್ಲಿ ಮೀನು ಒಣಗಿಸಲು ಹಾಕಿದ್ದರು. ಇನ್ನೊಂದು ತುದಿಯಲ್ಲಿ ಅಣ್ಣನ ಮಗಳು ಸೈಕಲ್ ಕಲಿಯುತ್ತಿದ್ದಳು, ಹಿಂದಿನಿಂದ ಸೀಟು ಹಿಡಿದು ಅಣ್ಣ ಓಡುತ್ತಿದ್ದ. ನನ್ನನ್ನು ನೋಡಿ, "ನಗಾಡ್ಬೇಡ, ನೀನೇ ಹಿಡಿ ಬಾ" ಅಂದ.